ಹಾಳೆ ಮಡಿಸುವ ಮುಂಚೆ ಸ್ಕ್ರೀನ್ ಮೇಲೆ ಮಡಿಸಿ ನೋಡೋದು ಹೇಗೆ

ಅಕ್ಕನ ಮಗಳಿಗೆ ಕೃಷ್ಣಮೃಗ ಬೇಕಿತ್ತು. ಕಾಗದದ್ದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ಹಿಂಡು ಹಿಂಡು ಕೃಷ್ಣಮೃಗ ನೋಡಿಕೊಂಡು ಬಂದ ದಿನ ಸಂಜೆಯೇ ಶುರು: "ಮಾಮ, ದೋಣಿ, ರಾಕೆಟ್ ಎಲ್ಲಾ ಬೇಡ. ಕೊಂಬಿರೋದು ಮಾಡಿಕೊಡು. ಕತ್ತರಿ ಹಾಕೋ ಹಾಗಿಲ್ಲ."

ತುಮಕೂರಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು. ಕಾಗದ ಮಡಿಸೋದು ನನಗೆ ದಿನದ ಕೆಲಸವೇ, ಆದರೆ ಅದು ಎರಡು ಮಡಿಕೆ, ಜಾಸ್ತಿ ಅಂದರೆ ಮೂರು. ಒಂದೇ ಚೌಕ ಹಾಳೆಯಿಂದ ನಾಲ್ಕು ಕಾಲು, ಎರಡು ಕೊಂಬು, ಎರಡು ಕಿವಿ, ಒಂದು ಬಾಲ ಎಬ್ಬಿಸೋದು ಬೇರೆಯೇ ವಿದ್ಯೆ. ಅದಕ್ಕೆ ಅಂತಲೇ ಸಾಫ್ಟ್‌ವೇರ್‌ಗಳಿವೆ, ಬಹುಪಾಲು ಬಿಟ್ಟಿ ಸಿಗುತ್ತವೆ. ನಾನು ಅವನ್ನೆಲ್ಲ ಹಿಂದುಮುಂದಾಗಿ ಕಲಿತೆ, ಕಷ್ಟದ್ದನ್ನು ಮೊದಲು ತೆಗೆದುಕೊಂಡು ಎರಡು ವಾರ ಒದ್ದಾಡಿ ಆಮೇಲೆ ಸುಲಭದ್ದಕ್ಕೆ ಬಂದೆ. ನೀವು ನೆಟ್ಟಗೆ ಕಲಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. "ಕೃಷ್ಣಮೃಗ" ಅಂತ ಟೈಪ್ ಮಾಡಿದರೆ ಮಡಿಸುವ ವಿಧಾನ ಕೊಡುವ ಸಾಫ್ಟ್‌ವೇರ್ ಅಂತ ಹುಡುಕಲು ಹೋಗಬೇಡಿ. ಇಲ್ಲಿ ಒಂದೊಂದು ಟೂಲ್ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಹಾಳೆಯ ಯಾವ ಭಾಗ ಕಾಲಾಗಬೇಕು ಅನ್ನೋದು ಒಂದು ಪ್ರಶ್ನೆ. ಈ ಗೆರೆಗಳು ನಿಜವಾಗಿ ಮಡಿಕೆಯಾಗುತ್ತವಾ ಅನ್ನೋದು ಇನ್ನೊಂದು. ಮಡಿಸಿದರೆ ಹೇಗೆ ಕಾಣುತ್ತದೆ, ಸ್ಕೇಲ್ ಇಲ್ಲದೆ ಆ ಗೆರೆ ಎಲ್ಲಿ ಬರುತ್ತದೆ ಅಂತ ಕಂಡುಹಿಡಿಯೋದು ಹೇಗೆ, ಇವು ಮತ್ತೆ ಬೇರೆ ಬೇರೆ. ನಿಮ್ಮ ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಟೂಲ್ ತೆರೆದರೆ ನನ್ನ ಹಾಗೆ ಸುಮ್ನೆ ಬಟನ್ ಒತ್ತುತ್ತಾ ಕೂರುತ್ತೀರಿ.

ಗುಡ್ಡ ಮತ್ತು ಹಳ್ಳ

ಮಡಿಸಿದ ಯಾವುದೇ ಕಾಗದದ ಗೊಂಬೆಯನ್ನು ಪೂರ್ತಿ ಬಿಚ್ಚಿ ಹರಡಿ. ಹಾಳೆ ತುಂಬ ಗೆರೆಗಳು. ಅದೇ ಕ್ರೀಸ್ ಪ್ಯಾಟರ್ನ್, ಮಡಿಕೆ ನಕ್ಷೆ ಅನ್ನೋಣ. ಕೆಲವು ಗೆರೆ ನಿಮ್ಮ ಕಡೆಗೆ ಉಬ್ಬಿರುತ್ತವೆ, ಕೆಲವು ಒಳಗೆ ತಗ್ಗಿರುತ್ತವೆ. ಉಬ್ಬಿದ್ದು ಗುಡ್ಡ, ತಗ್ಗಿದ್ದು ಹಳ್ಳ. ಎಲ್ಲಾ ಸಾಫ್ಟ್‌ವೇರ್‌ಗಳೂ ಮಾತಾಡೋದು ಈ ಭಾಷೆಯನ್ನೇ, ಮತ್ತು ಸಾಮಾನ್ಯವಾಗಿ ಗುಡ್ಡ ಕೆಂಪು, ಹಳ್ಳ ನೀಲಿ, ಹಾಳೆಯ ಅಂಚು ಕಪ್ಪು.

ಮೊದಲ ನಕ್ಷೆ ಕೈಯಾರೆ ಬರೆಯಿರಿ

ಜಿಂಕೆಗೆ ಕೈ ಹಾಕಬೇಡಿ. ಮಿಯುರಾ ಮಡಿಕೆಯಿಂದ ಶುರು ಮಾಡಿ. ಕೊರ್ಯೊ ಮಿಯುರಾ ಎಂಬ ಜಪಾನಿನ ವಿಜ್ಞಾನಿ ರೂಪಿಸಿದ್ದು. ದೊಡ್ಡ ಹಾಳೆ ಅಂಗೈಯಗಲಕ್ಕೆ ಮಡಿಯುತ್ತದೆ, ಎದುರುಬದುರು ಮೂಲೆ ಹಿಡಿದು ಎಳೆದರೆ ಒಂದೇ ಸಲಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಸೌರ ಫಲಕವನ್ನು ಈ ಥರ ಮಡಿಸಿ ಕಳಿಸಿ ಮೇಲೆ ಬಿಚ್ಚಿದ್ದರು.

ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಬಿಟ್ಟಿ. ಎ4 ಪುಟ ಅಡ್ಡಕ್ಕೆ ಇಡಿ, ಗೆರೆಯ ತುದಿ ತಾನಾಗಿಯೇ ಬಿಂದುವಿಗೆ ಅಂಟಿಕೊಳ್ಳುವ ಸ್ನ್ಯಾಪ್ ಆನ್ ಮಾಡಿ, 10 ಮಿ.ಮೀ. ಗ್ರಿಡ್ ಹಾಕಿ. ಈಗ 30 ಮಿ.ಮೀ.ಗೆ ಒಂದರಂತೆ ಅಡ್ಡಗೆರೆ ಎಳೆಯಿರಿ, ಒಟ್ಟು ಆರು ಸಾಲು ಮನೆ ಬರುವಷ್ಟು. ಉದ್ದಗೆರೆಗಳು ನೇರ ಅಲ್ಲ, ಅಂಕುಡೊಂಕು: ಒಂದು ಸಾಲಿನಲ್ಲಿ ಬಲಕ್ಕೆ 10 ಮಿ.ಮೀ. ವಾಲಬೇಕು, ಮುಂದಿನ ಸಾಲಿನಲ್ಲಿ ಎಡಕ್ಕೆ 10 ಮಿ.ಮೀ. ವಾಪಸ್ ಬರಬೇಕು. ಇಂಥ ಅಂಕುಡೊಂಕು ಗೆರೆಗಳನ್ನು 30 ಮಿ.ಮೀ. ಅಂತರದಲ್ಲಿ ಎಳೆದು ಎಂಟು ಕಂಬಸಾಲು ಮಾಡಿ. ಎಡಬಲದ ಅಂಚನ್ನೂ ಅಂಕುಡೊಂಕಾಗಿಯೇ ಬಿಡಿ, ಕಪ್ಪು ಬಣ್ಣದಲ್ಲಿ. ಎಲ್ಲಾ ಸೇರಿ 48 ಓರೆ ಮನೆ.

ಬಣ್ಣ ಹಾಕುವಾಗ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನ. ಅಂಕುಡೊಂಕು ಗೆರೆ ಸುಲಭ. ಒಂದು ಪೂರ್ತಿ ಕೆಂಪು, ಪಕ್ಕದ್ದು ಪೂರ್ತಿ ನೀಲಿ, ಮತ್ತೆ ಕೆಂಪು. ಅಡ್ಡಗೆರೆ ಹಾಗಲ್ಲ. ಅದು ಪ್ರತಿ ಕೂಡು ಬಿಂದುವಿನಲ್ಲೂ ಬಣ್ಣ ಬದಲಾಯಿಸುತ್ತದೆ, ಹಾಗಾಗಿ ಒಂದೇ ಉದ್ದ ಗೆರೆ ಎಳೆಯದೆ ತುಂಡು ತುಂಡಾಗಿ ಎಳೆಯಬೇಕು. ಒಂದು ಅಡ್ಡಗೆರೆ ಕೆಂಪು ತುಂಡಿನಿಂದ ಶುರುವಾದರೆ ಅದರ ಕೆಳಗಿನದು ನೀಲಿಯಿಂದ. ಮೊದಲನೆಯದು ಯಾವುದರಿಂದ ಶುರು ಅನ್ನೋದಕ್ಕೆ ಒಂದು ಗುಟ್ಟಿದೆ: ಪ್ರತಿ ಕೂಡು ಬಿಂದುವಿನಲ್ಲಿ ನಾಲ್ಕು ಗೆರೆ ಸೇರುತ್ತವಲ್ವಾ, ಅವುಗಳ ನಡುವೆ ಎರಡು ಚಿಕ್ಕ ಕೋನ, ಎರಡು ದೊಡ್ಡ ಕೋನ ಇರುತ್ತವೆ. ಚಿಕ್ಕ ಕೋನಗಳೆರಡರ ನಡುವೆ ಸಿಕ್ಕಿಕೊಂಡ ಗೆರೆ ಮಾತ್ರ ಬೇರೆ ಬಣ್ಣ, ಉಳಿದ ಮೂರೂ ಒಂದೇ ಬಣ್ಣ. ಇದು ತಲೆಕೆಳಗಾದರೆ ನೋಡೋಕೆ ನಕ್ಷೆ ಚೆನ್ನಾಗಿಯೇ ಇರುತ್ತದೆ, ಮಡಿಸೋಕೆ ಮಾತ್ರ ಆಗಲ್ಲ.

ಗೆರೆಯನ್ನು ಗೆರೆಯಾಗಿಯೇ ಉಳಿಸುವ ಎಸ್‌ವಿಜಿ ಫೈಲ್ ಆಗಿ ಸೇವ್ ಮಾಡಿ.

ಸಿಮ್ಯುಲೇಟರ್‌ಗೆ ಹಾಕಿ

ಕಾಗದ ಮಡಿಸುವ ಕಲೆಗೆ ಜಪಾನಿನವರು ಒರಿಗಾಮಿ ಅನ್ನುತ್ತಾರೆ. ಒರಿಗಾಮಿ ಸಿಮ್ಯುಲೇಟರ್ ಅಂತ ಇದೆ, ಅಮಾಂಡಾ ಘಸ್ಸೇಯಿ ಮಾಡಿದ್ದು, ಬ್ರೌಸರ್‌ನಲ್ಲೇ ಓಡುತ್ತದೆ, ಇನ್‌ಸ್ಟಾಲ್ ಏನೂ ಬೇಡ. ತೆರೆದು ನಿಮ್ಮ ಎಸ್‌ವಿಜಿ ಫೈಲ್ ಇಂಪೋರ್ಟ್ ಮಾಡಿ. ಮಡಿಕೆಯ ಪ್ರಮಾಣದ ಸ್ಲೈಡರ್ ಎಳೆದರೆ ಹಾಳೆ ಕಣ್ಣೆದುರೇ ಮುದುಡಿಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಾನು ಅಂಗಡಿಯಲ್ಲಿ ಗಿರಾಕಿ ನಿಂತಿದ್ದನ್ನೂ ಮರೆತು ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಎಳೆದಿದ್ದೇನೆ.

ನನಗಾದ ಅವಾಂತರ ಹೇಳುತ್ತೇನೆ. ನಾನು ನಕ್ಷೆ ಬರೆದದ್ದು ಪ್ರೆಸ್ ಕೆಲಸಕ್ಕೆ ಬಳಸುವ ಸಾಫ್ಟ್‌ವೇರ್‌ನಲ್ಲಿ, ಅಲ್ಲಿ ನನ್ನ ಬಣ್ಣವೆಲ್ಲ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಇಂಕಿನ ಲೆಕ್ಕ. ಮೆಜೆಂಟಾ ನೂರು, ಹಳದಿ ನೂರು ಕೊಟ್ಟ ಕೆಂಪು ಕಣ್ಣಿಗೆ ಕೆಂಪೇ, ಆದರೆ ಎಸ್‌ವಿಜಿ ಮಾಡಿದಾಗ ಅದು ಶುದ್ಧ ಕೆಂಪಾಗಿ ಉಳಿಯಲ್ಲ, ಸಿಮ್ಯುಲೇಟರ್‌ಗೆ ಅದು ಗುಡ್ಡ ಅಂತ ತಿಳಿಯಲೇ ಇಲ್ಲ. ಅರ್ಧ ದಿನ ಹಾಳು. ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ, ಕೆಂಪು 255, ಉಳಿದೆರಡು 0 ಕೊಡಬೇಕು. ನೀಲಿಯೂ ಹಾಗೇ ಬರೀ ನೀಲಿ 255. ಅಂದಾಜಿನ ಕೆಂಪು ನಡೆಯಲ್ಲ.

ಇನ್ನೊಂದು, ಗೆರೆಗಳ ತುದಿ ಕೂಡಬೇಕು. ಸ್ನ್ಯಾಪ್ ಆನ್ ಮಾಡಿ ಅಂದದ್ದು ಅದಕ್ಕೇ. ಕಣ್ಣಿಗೆ ಕೂಡಿದ ಹಾಗೆ ಕಾಣುವ ಎರಡು ಗೆರೆಯ ನಡುವೆ ಕೂದಲಗಲ ಬಿರುಕಿದ್ದರೂ ಹಾಳೆ ವಿಚಿತ್ರವಾಗಿ ಸೊಟ್ಟ ಆಗಬಹುದು. ವಕ್ರ ಗೆರೆ ಬೇಕಿದ್ದರೆ ಸಣ್ಣ ಸಣ್ಣ ನೇರ ತುಂಡುಗಳಾಗಿ ಎಳೆಯಿರಿ.

ಒಳಗೆ ನಡೆಯೋದು ಇಷ್ಟು: ಪ್ರತಿ ಗೆರೆಯನ್ನೂ ಒಂದು ಸ್ಪ್ರಿಂಗ್ ಥರ, ಪ್ರತಿ ಮಡಿಕೆಯನ್ನೂ ಬಾಗಿಲ ಕೀಲಿನ ಥರ ಎಣಿಸಿ, ಎಲ್ಲಾ ಕೀಲುಗಳನ್ನೂ ಒಟ್ಟಿಗೆ ತಿರುಗಿಸುತ್ತದೆ, ಕಾಗದ ಎಲ್ಲೆಲ್ಲಿ ಎಳೆದಾಡುತ್ತದೆ ಅಂತ ಲೆಕ್ಕ ಹಾಕುತ್ತಲೇ ಇರುತ್ತದೆ. ಎಳೆತ ತೋರಿಸುವ ಬಣ್ಣದ ನೋಟ ಒಂದಿದೆ, ಸ್ಟ್ರೇನ್ ಅಂತ ಇರುತ್ತದೆ, ಅದನ್ನು ಖಂಡಿತ ಆನ್ ಮಾಡಿ. ನೀಲಿ ಇದ್ದರೆ ಕಾಗದ ಆರಾಮಾಗಿದೆ. ಕೆಂಪಾದ ಕಡೆ ನಿಜವಾದ ಹಾಳೆ ಸುಕ್ಕಾಗುತ್ತದೆ ಇಲ್ಲಾ ಹರಿಯುತ್ತದೆ. ನಿಮ್ಮ ಮಿಯುರಾ ನಕ್ಷೆಯಲ್ಲಿ ಒಂದೇ ಒಂದು ತುಂಡಿನ ಬಣ್ಣ ಬೇಕಂತಲೇ ಅದಲುಬದಲು ಮಾಡಿ ಮತ್ತೆ ಹಾಕಿ ನೋಡಿ, ಆ ಜಾಗ ಹೇಗೆ ಕೆಂಪೇರುತ್ತದೆ ಅಂತ ತಿಳಿಯುತ್ತದೆ. ಪಾಠ ಓದೋದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಆದರೆ ಸಿಮ್ಯುಲೇಟರ್ ಎರಡು ಸುಳ್ಳು ಹೇಳುತ್ತದೆ. ಒಂದು, ಕಾಗದ ಕಾಗದದ ಮೂಲಕ ಹಾದುಹೋದರೂ ಅದು ತಡೆಯಲ್ಲ. ಗೋಡೆ ದಾಟುವ ದೆವ್ವದ ಹಾಗೆ ಒಂದು ಪದರ ಇನ್ನೊಂದರೊಳಗೆ ನುಗ್ಗಿ ಆಚೆ ಬರುತ್ತದೆ. ಎರಡು, ಎಲ್ಲಾ ಮಡಿಕೆಯನ್ನೂ ಒಂದೇ ಏಟಿಗೆ ಮಡಿಸುತ್ತದೆ. ನಮಗಿರೋದು ಎರಡೇ ಕೈ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಅದು ಹೇಳಲ್ಲ. ಸ್ಕ್ರೀನ್ ಮೇಲೆ ಚೆಂದ ಮಡಿಯಿತು ಅಂತ ಹಾಳೆ ಕತ್ತರಿಸಲು ಓಡಬೇಡಿ.

ನನ್ನ ಕಸುಬಿಗೂ ಇದು ಉಪಯೋಗಕ್ಕೆ ಬಂತು, ನಿಜ ಹೇಳಬೇಕೆಂದರೆ ಕೃಷ್ಣಮೃಗಕ್ಕಿಂತ ಜಾಸ್ತಿ. ಗೆರೆಯನ್ನು ಅರೆಪಾರದರ್ಶಕ ಮಾಡಿದರೆ ಅದು ಪೂರ್ತಿ ಮಡಿಯದೆ ಅರ್ಧಕ್ಕೆ, ಅಂದರೆ 90 ಡಿಗ್ರಿಗೆ ನಿಲ್ಲುತ್ತದೆ. ಹಸಿರು ಗೆರೆ ಅಂದರೆ ಕತ್ತರಿ. ಮದುವೆ ಮನೆಯವರು ಸ್ವೀಟ್ ಬಾಕ್ಸ್ ಕೇಳಿದರೆ ಡೈ (ಡಬ್ಬಿಯ ಹಾಳೆ ಕತ್ತರಿಸುವ ಅಚ್ಚು) ಮಾಡಿಸುವ ಮುಂಚೆ ಇಲ್ಲೇ ಡಬ್ಬಿ ನಿಲ್ಲಿಸಿ ತೋರಿಸುತ್ತೇನೆ. ಒಂದು ತಪ್ಪು ಡೈ ಉಳಿದರೂ ಲಾಭವೇ.

ಕೈಯಲ್ಲಿ ಮಡಿಸಿ, ತಪ್ಪಿಸಿಕೊಳ್ಳಬೇಡಿ

ಪ್ರಿಂಟ್ ಕೊಡುವಾಗ "ಪುಟಕ್ಕೆ ಹೊಂದಿಸು" ಅನ್ನೋದನ್ನು ತೆಗೆದು 100 ಶೇಕಡಾ ಇಡಿ. ಗೆರೆ ಸಣ್ಣಗೆ, ತಿಳಿ ಬಣ್ಣದಲ್ಲಿರಲಿ. ಇಂಕು ಮುಗಿದ ಬಾಲ್‌ಪೆನ್ ಮನೆಯಲ್ಲಿ ಇದ್ದೇ ಇರುತ್ತದೆ. ಸ್ಕೇಲ್ ಇಟ್ಟು ಪ್ರತಿ ಗೆರೆಯ ಮೇಲೂ ಅದರಿಂದ ಒತ್ತಿ ಎಳೆಯಿರಿ, ಕೆಳಗೆ ಒಂದು ಹಳೆಯ ನೋಟ್‌ಬುಕ್ ಇರಲಿ. ನಾವು ಪ್ರೆಸ್ಸಿನವರು ಕ್ರೀಸಿಂಗ್ ಅನ್ನೋದು ಇದನ್ನೇ. ಹೀಗೆ ಒತ್ತಿದ ಹಾಳೆ ಹೇಳಿದ ಮಾತು ಕೇಳುತ್ತದೆ. ಮಿಯುರಾದಲ್ಲಿ ಮೊದಲು ಎಲ್ಲಾ ಗೆರೆಯನ್ನೂ ಅರೆಬರೆ ಮಡಿಸಿ, ಆಮೇಲೆ ಒಂದು ತುದಿಯಿಂದ ಮೆಲ್ಲಗೆ ಒಟ್ಟುಮಾಡುತ್ತಾ ಬನ್ನಿ. ಮೊದಲನೆಯದು ಕೆಡುತ್ತದೆ. ಎರಡನೆಯದು ಪರವಾಗಿಲ್ಲ ಅನ್ನಿಸುತ್ತದೆ.

ನಕ್ಷೆ ಸರಿಯಾ ತಪ್ಪಾ

ಚಪ್ಪಟೆಯಾಗಿ ಮಡಿಯಬೇಕಾದ ನಕ್ಷೆಗೆ ಎರಡು ನಿಯಮ ನೆನಪಿಟ್ಟುಕೊಂಡರೆ ಅರ್ಧ ಜಗಳ ಮುಗಿಯಿತು. ಒಳಗಿನ ಪ್ರತಿ ಕೂಡು ಬಿಂದುವಿನಲ್ಲಿ ಗುಡ್ಡ ಎಷ್ಟು, ಹಳ್ಳ ಎಷ್ಟು ಎಣಿಸಿ: ವ್ಯತ್ಯಾಸ ಯಾವಾಗಲೂ ಎರಡೇ ಇರಬೇಕು. ಇದು ಮಾಏಕಾವ ನಿಯಮ. ಸುತ್ತಲಿನ ಕೋನಗಳನ್ನು ಒಂದು ಬಿಟ್ಟು ಒಂದು ಕೂಡಿಸಿ: 180 ಡಿಗ್ರಿ ಬರಬೇಕು. ಇದು ಕವಾಸಾಕಿ ನಿಯಮ. ಮಿಯುರಾದ ಒಂದು ಬಿಂದು ತೆಗೆದುಕೊಂಡು ನೋಡಿ, ಮೂರು ಕೆಂಪು ಒಂದು ನೀಲಿ, ವ್ಯತ್ಯಾಸ ಎರಡು, ಸರಿಯಾಯಿತಲ್ವಾ.

ನೂರು ಬಿಂದುಗಳಿಗೆ ಇದನ್ನು ಕೈಯಲ್ಲಿ ಮಾಡೋದು ಯಾರಿಗೆ ಬೇಕು. ಅದಕ್ಕೆ ಒರಿಪಾ ಇದೆ, ತ್ಸುಕುಬಾ ವಿಶ್ವವಿದ್ಯಾಲಯದ ಜುನ್ ಮಿತಾನಿ ಅವರದ್ದು. ಒರಿಎಡಿಟಾ ಇದೆ, ಒರಿಹಿಮೆ ಎಂಬ ಹಳೆಯ ಜಪಾನಿ ಪ್ರೋಗ್ರಾಂನಿಂದ ಬೆಳೆದದ್ದು. ಎರಡರಲ್ಲೂ ಅಲ್ಲೇ ಗೆರೆ ಎಳೆಯಬಹುದು, ತಪ್ಪಿದ ಬಿಂದುವನ್ನು ಅವೇ ಗುರುತು ಹಾಕಿ ತೋರಿಸುತ್ತವೆ, ಮಡಿಸಿದ ರೂಪವನ್ನೂ ಲೆಕ್ಕ ಹಾಕಿಕೊಡುತ್ತವೆ. ನನ್ನ ಓಟು ಒರಿಎಡಿಟಾಗೆ. ಬಟನ್‌ಗಳ ಸಂತೆ ನೋಡಿ ಮೊದಲು ಗಾಬರಿಯಾಗುತ್ತದೆ, ಆದರೆ ಗೆರೆ ಎಳೆಯೋದು, ಕೋನವನ್ನು ಸಮ ಪಾಲು ಮಾಡೋದು, ಪ್ರತಿಬಿಂಬ ತೆಗೆಯೋದು, ಈ ಮೂರು ಕಲಿತರೆ ವಾರ ಕಳೆಯಬಹುದು. ಇಂಕ್‌ಸ್ಕೇಪನ್ನು ಅಷ್ಟೊತ್ತಿಗೆ ಮರೆತಿರುತ್ತೀರಿ.

ಬಿಂದುಗಳೆಲ್ಲ ಸರಿ ಇದ್ದರೂ ಒಟ್ಟು ನಕ್ಷೆ ಮಡಿಯದೇ ಇರಬಹುದು, ಪದರಗಳು ಒಂದಕ್ಕೊಂದು ಅಡ್ಡ ಬಂದು. ಇದು ನಿಜಕ್ಕೂ ಕಠಿಣ ಲೆಕ್ಕ, ಕಂಪ್ಯೂಟರ್ ವಿಜ್ಞಾನದವರು ಎನ್‌ಪಿ-ಹಾರ್ಡ್ ಅನ್ನುವ ಗುಂಪಿಗೆ ಸೇರಿದ್ದು ಅಂತ ಬರ್ನ್ ಮತ್ತು ಹೇಯ್ಸ್ ಎಂಬಿಬ್ಬರು 1996ರಲ್ಲೇ ತೋರಿಸಿದ್ದಾರೆ. ಆದರೂ ನಮ್ಮಂಥವರ ಸಣ್ಣ ನಕ್ಷೆಗೆ ಜೇಸನ್ ಕು ಮಾಡಿದ ಫ್ಲ್ಯಾಟ್-ಫೋಲ್ಡರ್ ಸಾಕು. ಬ್ರೌಸರ್‌ನಲ್ಲೇ ಓಡುತ್ತದೆ, ಯಾವ ಪದರ ಮೇಲೆ ಯಾವುದು ಕೆಳಗೆ ಅನ್ನುವ ಸಾಧ್ಯತೆಗಳನ್ನು ಹುಡುಕಿ ಎಷ್ಟಿವೆ ಅಂತ ಹೇಳುತ್ತದೆ. ಒಂದೂ ಇಲ್ಲ ಅಂದರೆ ಕಾಗದ ದಂಡ ಮಾಡಬೇಡಿ.

ಈ ಟೂಲ್‌ಗಳ ನಡುವೆ ನಕ್ಷೆ ಸಾಗಿಸಲು ಫೋಲ್ಡ್ ಅನ್ನುವ ಫೈಲ್ ಬಗೆ ಇದೆ, ಸಿಗುವ ಕಡೆಯೆಲ್ಲ ಅದರಲ್ಲೇ ಸೇವ್ ಮಾಡಿ. ಗುಡ್ಡ-ಹಳ್ಳ ಬಣ್ಣವಾಗಿ ಅಲ್ಲ, ಮಾಹಿತಿಯಾಗಿಯೇ ಉಳಿಯುತ್ತದೆ, ನನ್ನ ಕೆಂಪಿನ ಕಥೆ ನಿಮಗಾಗಲ್ಲ.

ಕಾಲು, ಕೊಂಬು ಎಲ್ಲಿಂದ ಬರುತ್ತವೆ

ಈಗ ಕೃಷ್ಣಮೃಗ. ಇದಕ್ಕೆ ಮೊದಲು ತಟ್ಟೆ ಇಡ್ಲಿ ನೆನೆಸಿಕೊಳ್ಳಿ, ಕ್ಯಾತ್ಸಂದ್ರದ್ದೇ ಆಗಲಿ.

ಹಾಳೆಯಿಂದ ಒಂದು ಉದ್ದನೆಯ ಕಾಲು ಎಬ್ಬಿಸಬೇಕು ಅಂದರೆ, ಅದರ ತುದಿ ಹಾಳೆಯ ಎಲ್ಲೋ ಒಂದು ಬಿಂದುವಿನಲ್ಲಿರುತ್ತದೆ. ಕಾಲಿನ ಉದ್ದ ಎಷ್ಟೋ ಅಷ್ಟು ತ್ರಿಜ್ಯದ ವೃತ್ತದ ಜಾಗ ಆ ಬಿಂದುವಿನ ಸುತ್ತ ಅದಕ್ಕೇ ಮೀಸಲು. ಬೇರೆ ಕಾಲಿನ ವೃತ್ತ ಇದರ ಮೇಲೆ ಹತ್ತಬಾರದು. ಅಂದರೆ ಒಂದು ಚೌಕ ತಟ್ಟೆಯಲ್ಲಿ ಬೇರೆ ಬೇರೆ ಅಳತೆಯ ತಟ್ಟೆ ಇಡ್ಲಿ ಜೋಡಿಸಿದ ಹಾಗೆ: ಒಂದರ ಮೇಲೊಂದು ಬರಬಾರದು, ಇಡ್ಲಿಯ ನಡುಮಧ್ಯ ತಟ್ಟೆಯೊಳಗೇ ಇರಬೇಕು, ಅಂಚು ಮಾತ್ರ ತಟ್ಟೆಯಿಂದ ಆಚೆ ಚಾಚಿದರೆ ಪರವಾಗಿಲ್ಲ. ಹಾಗಾಗಿ ಹಾಳೆಯ ಮೂಲೆಗೆ ಇಟ್ಟ ಕಾಲಿಗೆ ಕಾಲು ಇಡ್ಲಿ ಸಾಕು, ಅಂಚಿಗೆ ಇಟ್ಟರೆ ಅರ್ಧ, ನಡುವೆ ಇಟ್ಟರೆ ಪೂರ್ತಿ. ನಡುವಿನ ಕಾಲು ಮೂಲೆಯ ಕಾಲಿನ ನಾಲ್ಕು ಪಟ್ಟು ಕಾಗದ ತಿನ್ನುತ್ತದೆ, ಅದೇ ಉದ್ದಕ್ಕೆ. ಮಡಿಸಿದ ಮೇಲೆ ದಪ್ಪವೂ ಅದಕ್ಕೆ ತಕ್ಕಂತೆ. ಕೊಂಬು ಸಣ್ಣಗೆ ಬೇಕಾದರೆ ಮೂಲೆಗೆ ಕೊಡಿ. ಹಿಂಗಾಲು ಮತ್ತು ಮುಂಗಾಲಿನ ನಡುವೆ ಮೈ ಇರುತ್ತದಲ್ಲ, ಅದು ಈ ಇಡ್ಲಿಗಳ ಗುಂಪುಗಳ ನಡುವೆ ಹರಿಯುವ ಕಾಲುವೆ, ಮೈಯುದ್ದ ಎಷ್ಟೋ ಕಾಲುವೆ ಅಷ್ಟು ಅಗಲ.

ಈ ಲೆಕ್ಕವನ್ನು ಪ್ರೋಗ್ರಾಂ ಮಾಡಿ ಹಂಚಿದವರು ರಾಬರ್ಟ್ ಲ್ಯಾಂಗ್, ಭೌತವಿಜ್ಞಾನಿ, 1990ರ ದಶಕದಿಂದ ಬೆಳೆಸಿದ ಅವರ ಟ್ರೀಮೇಕರ್ ಇವತ್ತೂ ಬಿಟ್ಟಿ ಸಿಗುತ್ತದೆ. ಕಡ್ಡಿ ಗೊಂಬೆ ಬರೆದು, ಪ್ರತಿ ಕಡ್ಡಿಗೂ ಉದ್ದ ಕೊಟ್ಟರೆ ನಕ್ಷೆ ಕಟ್ಟಿಕೊಡುತ್ತದೆ. ನಾನು ಮೊದಲು ಬಿದ್ದ ಹಳ್ಳ ಇದೇ. ಅದು ಕೊಡುವ ನಕ್ಷೆಯಲ್ಲಿ ಗೆರೆಗಳು ಎಂಥೆಂಥದೋ ಕೋನದಲ್ಲಿ, ಎಂಥೆಂಥದೋ ಬಿಂದುವಿನಲ್ಲಿ ಬರುತ್ತವೆ. ಲೆಕ್ಕಕ್ಕೆ ಸರಿ, ಬೆರಳಿಗೆ ನರಕ. ಹೊಸಬರಿಗೆ ನಾನು ಇದನ್ನು ಹೇಳಲ್ಲ.

ಬದಲಿಗೆ ಬಾಕ್ಸ್ ಪ್ಲೀಟಿಂಗ್ ಸ್ಟುಡಿಯೋ ತೆರೆಯಿರಿ, ತೈವಾನಿನ ಮು-ತ್ಸುನ್ ತ್ಸೈ ಮಾಡಿದ್ದು, ಇದೂ ಬ್ರೌಸರ್‌ನಲ್ಲಿ. ಇಲ್ಲಿ ಎಲ್ಲವೂ ಚೌಕುಳಿ ಗ್ರಿಡ್ ಮೇಲೆ, ಇಡ್ಲಿ ಬದಲು ಮೈಸೂರ್‌ಪಾಕ್ ತುಂಡು ಜೋಡಿಸಿದ ಹಾಗೆ. ಒಂದು ನೋಟದಲ್ಲಿ ಕಡ್ಡಿ ಗೊಂಬೆ, ಇನ್ನೊಂದರಲ್ಲಿ ಹಾಳೆ. ಹೀಗೆ ಮಾಡಿ:

ಕಡ್ಡಿ ಗೊಂಬೆ ಬರೆಯಿರಿ. ನಾನು ಕೊಟ್ಟದ್ದು ಕಾಲಿಗೆ 7, ಕೊಂಬಿಗೆ 5, ಮೈಗೆ 4, ಕತ್ತಿಗೆ 2, ಕಿವಿ, ಮೂತಿ, ಬಾಲಕ್ಕೆ 2. ಮೊದಲು ಕೊಂಬಿಗೆ 10 ಕೊಟ್ಟಿದ್ದೆ, ಅಕ್ಕನ ಮಗಳ ಒತ್ತಾಯಕ್ಕೆ. ಹಾಳೆ ಸಾಲಲಿಲ್ಲ. ಆಮೇಲೆ ಹಾಳೆಯ ನೋಟಕ್ಕೆ ಬಂದು ತುಂಡುಗಳನ್ನು ಒಂದೊಂದಾಗಿ ಎಳೆದು ಜೋಡಿಸಿ: ಕೊಂಬು ಎರಡು ಮೂಲೆಗೆ, ಹಿಂಗಾಲು ಇನ್ನೆರಡು ಮೂಲೆಗೆ, ಮುಂಗಾಲು ಎರಡು ಪಕ್ಕದ ಅಂಚಿಗೆ. ಎಡಕ್ಕೂ ಬಲಕ್ಕೂ ಕನ್ನಡಿಯ ಹಾಗೆ ಒಂದೇ ಥರ ಇರಲಿ. ಒಂದರ ಮೇಲೊಂದು ಹತ್ತಿದರೆ ಕೆಂಪಾಗಿ ತೋರಿಸುತ್ತದೆ, ಸರಿಸಿ. ಎಷ್ಟು ಸರಿಸಿದರೂ ಆಗಲ್ಲ ಅಂದರೆ ಗ್ರಿಡ್ ದೊಡ್ಡದು ಮಾಡಿ ಇಲ್ಲಾ ಕಾಲು ಮೋಟು ಮಾಡಿ, ಬೇರೆ ದಾರಿಯಿಲ್ಲ. ಗ್ರಿಡ್ 32 ಆದರೆ ಒಳ್ಳೇದು, ಅರ್ಧ, ಅರ್ಧದ ಅರ್ಧ ಅಂತ ಐದು ಸಲ ಮಡಿಸಿದರೆ ಗೆರೆಗಳೆಲ್ಲ ಬಂದುಬಿಡುತ್ತವೆ. 29, 31 ಇಂಥದ್ದಕ್ಕೆ ಆಸೆ ಪಡಬೇಡಿ, ಒಂದೆರಡು ಮನೆ ಖಾಲಿ ಬಿಟ್ಟರೂ 32ಕ್ಕೇ ಹೋಗಿ.

ಸೇವ್ ಮಾಡುತ್ತಾ ಇರಿ. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗಲ್ಲ.

ಲೇಔಟ್ ಸಿಕ್ಕಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಅದನ್ನು ಒರಿಎಡಿಟಾಗೆ ತಂದು, ಬಿಟ್ಟುಹೋದ ಗೆರೆ ತುಂಬಿ, ಯಾವುದು ಗುಡ್ಡ ಯಾವುದು ಹಳ್ಳ ತೀರ್ಮಾನಿಸಿ, ಫ್ಲ್ಯಾಟ್-ಫೋಲ್ಡರ್‌ನಲ್ಲಿ ಪರೀಕ್ಷೆ ಮಾಡಬೇಕು. ಇದಕ್ಕೇ ನನಗೆ ಅತಿ ಹೆಚ್ಚು ದಿನ ಹಿಡಿದದ್ದು. ಒಂದು ಮುಂಗಾಲನ್ನು ಮಾತ್ರ ಮೊದಲು ಸಣ್ಣ ಹಾಳೆಯಲ್ಲಿ ಮಡಿಸಿ ನೋಡೋದು ಒಳ್ಳೆಯ ಅಭ್ಯಾಸ.

32 ಅಲ್ಲದ ಅಳತೆ ಬೇಕೇ ಬೇಕು ಅಂದರೆ ಲ್ಯಾಂಗ್ ಅವರದ್ದೇ ರೆಫರೆನ್ಸ್‌ಫೈಂಡರ್ ಇದೆ. ಹಾಳೆಯ ಮೇಲಿನ ಬಿಂದು ಹೇಳಿದರೆ ಸ್ಕೇಲ್ ಇಲ್ಲದೆ ಬರೀ ಮಡಿಕೆಯಿಂದ ಅಲ್ಲಿಗೆ ಮುಟ್ಟುವ ದಾರಿ ಕೊಡುತ್ತದೆ, ಎಷ್ಟು ತಪ್ಪುತ್ತದೆ ಅಂತಲೂ ಹೇಳುತ್ತದೆ. ಮೂರು ಭಾಗ ಮಾಡಲು ಅದೂ ಬೇಡ: ಚೌಕದ ಕೆಳಗಿನ ಬಲ ಮೂಲೆಯನ್ನು ಮೇಲಂಚಿನ ನಡುಬಿಂದುವಿಗೆ ಮುಟ್ಟಿಸಿ ಮಡಿಸಿ, ಕೆಳ ಅಂಚು ಎಡ ಅಂಚನ್ನು ಎಲ್ಲಿ ದಾಟುತ್ತದೋ ಅದು ಕೆಳಗಿನಿಂದ ಸರಿಯಾಗಿ ಮೂರನೇ ಒಂದು ಭಾಗ. ಕಜುವೊ ಹಾಗಾ ಅವರ ಹೆಸರಿನಲ್ಲಿರುವ ಪ್ರಮೇಯ ಇದು.

ಯಾವ ಕಾಗದ

ಯಾವ ಸಾಫ್ಟ್‌ವೇರೂ ದಪ್ಪದ ಬಗ್ಗೆ ಬಾಯಿ ಬಿಡಲ್ಲ, ಅವುಗಳ ಪಾಲಿಗೆ ಕಾಗದಕ್ಕೆ ದಪ್ಪವೇ ಇಲ್ಲ. 75 ಜಿಎಸ್‌ಎಂ ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ಇರುತ್ತದೆ, ಇಪ್ಪತ್ತು ಪದರ ಸೇರಿದರೆ 2 ಮಿ.ಮೀ., ಮಡಿಸಲು ಹೋದರೆ ಉಗುರು ಕೀಳುತ್ತದೆ. ಮಿಯುರಾಗೆ ಜೆರಾಕ್ಸ್ ಹಾಳೆ ಸರಿ. ಜಿಂಕೆಗೆ ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹಾಕುವ ತೆಳು ಬ್ರೌನ್ ಪೇಪರ್ ರೋಲ್ ತನ್ನಿ, ಹೊಳೆಯುವ ಪ್ಲಾಸ್ಟಿಕ್ ಲೇಪ ಇರೋದು ಬೇಡ. 50 ಸೆಂ.ಮೀ. ಚೌಕ ಕತ್ತರಿಸಿದರೆ 32ರ ಗ್ರಿಡ್‌ನಲ್ಲಿ ಒಂದು ಮನೆ ಒಂದೂವರೆ ಸೆಂ.ಮೀ.ಗೆ ಸ್ವಲ್ಪ ಮೇಲೆ, ಕಾಲು ಸುಮಾರು 11 ಸೆಂ.ಮೀ. ಬರುತ್ತದೆ. ಅದಕ್ಕಿಂತ ಚಿಕ್ಕದು ಮೊದಲ ಸಲಕ್ಕೆ ಬೇಡ. ಚೌಕ ಮಾತ್ರ ಪಕ್ಕಾ ಇರಲಿ, ಒಂದು ಮಿ.ಮೀ. ತಪ್ಪಿದರೂ ಐದನೇ ಮಡಿಕೆ ಹೊತ್ತಿಗೆ ಗ್ರಿಡ್ ಓಡಿಹೋಗಿರುತ್ತದೆ. ನಿಮ್ಮೂರಿನ ಪ್ರೆಸ್‌ನಲ್ಲಿ ಕಟಿಂಗ್ ಮೆಷಿನ್ ಇದ್ದರೆ ಅಲ್ಲೇ ಒಂದು ಹತ್ತು ಹಾಳೆ ಕತ್ತರಿಸಿಕೊಳ್ಳಿ.

ನಮ್ಮ ಕೃಷ್ಣಮೃಗ ನಾಲ್ಕನೇ ಹಾಳೆಯಲ್ಲಿ ಆಯಿತು. ಕೊಂಬಿನ ತಿರುಚು ಯಾವ ನಕ್ಷೆಯಲ್ಲೂ ಇರಲಿಲ್ಲ, ಕೊನೆಗೆ ತುದಿಗೆ ಒಂದಿಷ್ಟು ಫೆವಿಕಾಲ್ ನೀರು ಸವರಿ ಬೆರಳಲ್ಲಿ ತಿರುವಿದೆ. ಎಡ ಮುಂಗಾಲು ಒಂದು ಎಳೆ ಮೋಟು, ನಿಲ್ಲಿಸಿದರೆ ಮುಂದಕ್ಕೆ ವಾಲುತ್ತದೆ. "ಮೇಯ್ತಾ ಇದೆ ಬಿಡು ಮಾಮ" ಅಂದಳು.